ಗಂಗಮ್ಮನ ಹುಳದ ರಕ್ತ

ಕೊಡುತ್ತೇವೆ ಅಂದದ್ದು: ರೇಷ್ಮೆಯ ಮರಿಹುಳು, ಹುಳು ಸಾಕುವ ಶೆಡ್ಡಿನ ರೋಗಾಣು ತೊಳೆಯುವ ಪೌಡರ್, ಸುಣ್ಣ, ಹುಳು ಕಾಯಿಲೆ ಬಿದ್ದರೆ ಬಂದು ನೋಡುವ ಒಬ್ಬ ಮನುಷ್ಯ.

ಕೊಟ್ಟದ್ದು: ಮರಿಹುಳು. ಅಷ್ಟೇ.

ಹುಳುಗಳು ಮೆತ್ತಗಾಗಿ, ಕಪ್ಪಾಗಿ ತಟ್ಟೆಯಲ್ಲೇ ಸತ್ತವು. ಮರಿಹುಳು ಕೊಟ್ಟಿದ್ದ ಹಿಂದೂಪುರದ ಖಾಸಗಿ ಕೇಂದ್ರದ ಮ್ಯಾನೇಜರ್, ಇದೆಲ್ಲ ನಿಮ್ಮ ಹೆಂಗಸರ ಗಲೀಜಿನಿಂದ ಆದದ್ದು ಅಂದ. ಶೆಡ್ ಶುದ್ಧ ಆಗುವವರೆಗೆ ಮುಂದಿನ ಬೆಳೆಗೆ ಹುಳು ಇಲ್ಲ. ಶುದ್ಧ ಮಾಡುವ ಪೌಡರೂ ಇಲ್ಲ.

ರೊದ್ದಂ ಕಡೆಯ, ಹುಳು ಸಾಕುವ ಹೆಂಗಸರ ನಮ್ಮ ಸಂಘದ ಗಂಗಮ್ಮನಿಗೆ ಬೆಳೆ ಹೋದದ್ದಕ್ಕಿಂತ ಆ ‘ಗಲೀಜು’ ಅನ್ನುವ ಮಾತೇ ಹೆಚ್ಚು ಚುಚ್ಚಿತು. ಹುಳುಗಳನ್ನು ಮಕ್ಕಳು ಅಂತಲೇ ಕರೆಯುವವಳು. ಗಂಡ ಜ್ವರದಲ್ಲಿ ಮಲಗಿದ್ದರೂ ಮೊದಲು ಹುಳುವಿಗೆ ಸೊಪ್ಪು, ಆಮೇಲೆ ಅವನಿಗೆ ಕಾಫಿ.

ಕಲ್ಯಾಣದುರ್ಗದ ಒಂದು ಕಾಲೇಜಿನಲ್ಲಿ ನನ್ನ ಗೆಳತಿ ಸುಜಾತ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾಳೆ. ಪರೀಕ್ಷೆ ಮಾಡಿ ನೋಡು ಅಂತ ಬದುಕುಳಿದಿದ್ದ ಹುಳುಗಳ ಡಬ್ಬಿಯನ್ನು ನಾನೂ ಗಂಗಮ್ಮನೂ ಅವಳಿಗೆ ಕೊಟ್ಟು ಬಂದೆವು. ವಾರ ಬಿಟ್ಟು ಮತ್ತೆ ಬಸ್ಸು ಹತ್ತಿದೆವು.

ಸುಜಾತ ಗಟ್ಟಿಯಾಗಿದ್ದ ಹುಳುಗಳಿಗೆ ಸತ್ತ ಬ್ಯಾಕ್ಟೀರಿಯಾ ಚುಚ್ಚಿ, ಮಾರನೆಯ ದಿನ ಕಾಲಿನ ತುದಿ ಕತ್ತರಿಸಿ ರಕ್ತ ತೆಗೆದಿದ್ದಳು. ಹಳದಿ ರಕ್ತ. ಬ್ಯಾಕ್ಟೀರಿಯಾ ಬೆಳೆದು ಮಸುಕಾಗಿದ್ದ ಗಾಜಿನ ತಟ್ಟೆಯಲ್ಲಿ, ಆ ಹನಿ ಬಿದ್ದ ಜಾಗದ ಸುತ್ತ ಮಾತ್ರ ತಿಳಿಯಾದ ಒಂದು ಉಂಗುರ.

ರೋಗ ಒಳಗೆ ಬಂತು ಅಂತ ಗೊತ್ತಾದ ಮೇಲೆ ಅದನ್ನು ಕೊಲ್ಲುವ ಪ್ರೋಟೀನನ್ನು ಹುಳು ತಾನೇ ತಯಾರಿಸಿಕೊಂಡಿದೆ ಅಂದಳು.

"ಕಾಲು ಕತ್ತರಿಸ್ದ್ಯೇನೇ? ನೋವಾಗಕಿಲ್ವಾ ಅದಕ್ಕೆ?" ಅಂತ ಗಂಗಮ್ಮ ಮೊದಲು ಅವಳನ್ನು ಬೈದಳು. ಆಮೇಲೆ ತಟ್ಟೆಯ ಮೇಲೆ ಬಗ್ಗಿದಳು.

"ಅಯ್ಯೋ ನನ್ ಬಂಗಾರ, ಒಳಗೊಳಗೇ ಇಷ್ಟು ಬಡಿದಾಡ್ತಿದ್ದೆ ಅಂತ ನಂಗೆ ಒಂದ್ ಮಾತು ಹೇಳ್ಲಿಲ್ವಲ್ಲ."

ಸುಜಾತ ಮೆಲ್ಲಗೆ ಹೇಳಿದಳು. ಬಡಿದಾಡುತ್ತೆ, ನಿಜ. ಆದರೆ ಸೆಖೆಗೆ ಸೋತಿರುವ ಹುಳು, ಹಳೆಯ ಬೆಳೆಯ ರೋಗ ಕೂತಿರುವ ಶೆಡ್... ಅದೊಂದೇ ಎಷ್ಟು ಅಂತ ತಡೆದೀತು?

ನನ್ನ ಕಿವಿಗೆ ಮೊದಲರ್ಧ ಮಾತ್ರ ಬಿತ್ತು. ಬಸ್ಸಿನಲ್ಲೇ ಘೋಷಣೆ ರೆಡಿ. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದೆ: ‘ಹುಳದ ರಕ್ತದಲ್ಲೇ ಮದ್ದಿದೆ, ನಮ್ಮ ರಕ್ತದಲ್ಲೂ ಇದೆ.’

ಮರುದಿನ ಹಿಂದೂಪುರದಲ್ಲಿ ಸಂಘದ ಹೆಂಗಸರೆಲ್ಲ ಕೇಂದ್ರದೊಳಗೆ ನುಗ್ಗಿದಾಗ ಮ್ಯಾನೇಜರ್ ಆ ರಟ್ಟನ್ನು ನಿಧಾನವಾಗಿ ಓದಿದ. ನಕ್ಕ.

"ಮೀರೇ ರಾಶಾರು ಕದಾ. ರಕ್ತದಾಗೇ ಮದ್ದು ಐತೆ ಅಂತ ನೀವೇ ಬರ್ದಿದ್ದೀರಿ. ಮತ್ತೆ ಪೌಡರ್ ಯಾಕಮ್ಮ?"

ಮೈಕ್ ಹಿಡಿದು ಎಷ್ಟೋ ಊರು ಸುತ್ತಿದ ನಾನು ರಟ್ಟನ್ನು ಬೆನ್ನ ಹಿಂದೆ ಅಡಗಿಸಿದೆ.

ಗಂಗಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬರುತ್ತಾಳೆ. ಅವಳ ಕಣ್ಣು ಮ್ಯಾನೇಜರನ ಹೆಬ್ಬೆಟ್ಟಿನ ಬ್ಯಾಂಡೇಜ್ ಮೇಲಿದೆ.

"ನಾಯನಾ, ನಿನ್ ಮೈಯಾಗೂ ರಕ್ತ ಐತಲ್ಲ. ಮತ್ತೆ ಮುಲಾಮು ಯಾಕೆ ಬಳ್ಕಂಡೀಯ? ಬಿಚ್ಚಾಕು ಅದನ್ನ. ಅದೇ ಬಡಿದಾಡ್ಕಂತೈತೆ ಬುಡು."

ಕೇಂದ್ರದ ಅಟೆಂಡರ್ ಕೂಡ ಮುಖ ತಿರುಗಿಸಿಕೊಂಡು ನಗುತ್ತಾನೆ.

ಮ್ಯಾನೇಜರ್ ಒಳಗಿನಿಂದ ಒಂದು ಚೀಲ ಪೌಡರ್ ತರಿಸಿ ಗಂಗಮ್ಮನ ಮುಂದೆ ಇಡಿಸಿದ. ನಿನ್ನ ಶೆಡ್ಡಿಗೆ ಸಾಕು, ತಗೊಂಡು ಹೋಗು, ಹುಳೂನೂ ಕೊಡ್ತೀನಿ ಅಂದ.

ಅವಳು ಚೀಲವನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿದಳು.

"ನಂದೊಂದ್ ತೊಳ್ದು ಏನ್ ಮಾಡ್ಲಿ ಕಣಪ್ಪ? ಪಕ್ಕದ್ ಶೆಡ್ಡಿನ ಧೂಳು ನನ್ ಮಕ್ಳ ಮ್ಯಾಲೇ ಬೀಳ್ತೈತೆ. ಎಲ್ರಿಗೂ ಕೊಡು, ಆಗ ಹೊತ್ಕಂಡ್ ಹೋಯ್ತೀನಿ."

ಅವನು ಚೀಲವನ್ನು ಮತ್ತೆ ಒಳಗೆ ಕಳಿಸಿದ. ಸಹಿಸುವವರನ್ನು ಹೊಗಳಿ, ಕೊಡಬೇಕಾದ್ದನ್ನು ಮುಚ್ಚಿಟ್ಟುಕೊಳ್ಳುವ ಆಟ ಇದು. ಆ ರಟ್ಟು ಬರೆದು ಅವರ ಕೈಗೆ ಕೋಲು ಕೊಟ್ಟವರು ನಾವೇ. ಈಗ ಹೊಸ ರಟ್ಟಿನಲ್ಲಿ ಎರಡೇ ಪದ: ಎಲ್ಲ ಶೆಡ್ಡಿಗೂ.

ಬರುವ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಕೇಂದ್ರದ ಗೇಟಿನ ಮುಂದೆ ಸೇರುತ್ತಿದ್ದೇವೆ, ಯಾರು ಯಾರು ಬರ್ತೀರಿ?