ಎಂಥಾ ಚಲೋ?

ಒಣಗಿದ ಬೇವಿನೆಲೆ ಹಳೆಯ ಕಾಗದದ ಜೊತೆ ಬಹುಕಾಲ ಇದ್ದರೆ ಒಂದು ಕಹಿ ವಾಸನೆ ಹುಟ್ಟುತ್ತದೆ. ಕಳೆದ ವಾರ ರಾಯಚೂರಿನ ಸ್ಟೇಷನ್ ರಸ್ತೆಯ ರದ್ದಿ ಅಂಗಡಿಯ ಮುಂದೆ ಸಿಟಿ ಬಸ್ಸಿಗಾಗಿ ಕಾಯುತ್ತಿದ್ದಾಗ ಅದು ಮೂಗಿಗೆ ಬಡಿಯಿತು. ಅಂದು ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ, ಶಾಲೆ ಬಿಡಿಸಿ ಮಗಳ ಮದುವೆಗೆ ನಿಂತಿದ್ದ ಒಬ್ಬ ತಂದೆಯೊಡನೆ ಮಧ್ಯಾಹ್ನವೆಲ್ಲ ವಾದಿಸಿ, ಸೋತು ಬಂದಿದ್ದೆ. ಬಸ್ಸು ಬಂದು ಹೋಯಿತು, ಹತ್ತಲು ಮನಸ್ಸಾಗಲಿಲ್ಲ. ಮಲ್ಲಟದ ನಮ್ಮ ಮನೆಯ ಗೂಡಿನಲ್ಲಿ ಕಾಕಾನ ಇಂಗ್ಲಿಷ್ ನಿಘಂಟು ಇದೇ ವಾಸನೆ ಬೀರುತ್ತ ಮಲಗಿರುತ್ತಿತ್ತು. ಹುಳು ಹಿಡಿಯದಿರಲೆಂದು ಜೋಳದ ಚೀಲಕ್ಕೆ ಹಾಕುವಂತೆಯೇ ನಮ್ಮಜ್ಜಿ ಆಯಿ ಅದರ ಪುಟಗಳ ನಡುವೆಯೂ ಬೇವಿನೆಲೆ ಹಾಕುತ್ತಿದ್ದಳು.

ಕಾಕಾ ನಮ್ಮಪ್ಪನ ತಮ್ಮ. ಮಾನ್ವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಸಂಜೆಯ ಬಸ್ಸಿಗೆ ಮನೆಗೆ ಬಂದು, ಹಟ್ಟಿಯಲ್ಲಿ ಕುರಿಗಳು ಇನ್ನೂ ಜಾಗಕ್ಕಾಗಿ ಗುದ್ದಾಡುತ್ತಿರುವಾಗಲೇ, ನನ್ನನ್ನೂ ನನ್ನಕ್ಕ ನೀಲಕ್ಕನನ್ನೂ ಎದುರಿಗೆ ಕೂಡಿಸಿಕೊಳ್ಳುತ್ತಿದ್ದ. ಅವನ ಪಾಠವೆಲ್ಲ ಒಂದೇ ಪದದ ಸುತ್ತ ತಿರುಗುತ್ತಿತ್ತು: ಗುಡ್. ನಮ್ಮ ಮನೆಯಲ್ಲಿ ಯಾವುದನ್ನೂ ಬರಿದೇ ಗುಡ್ ಎನ್ನುವಂತಿರಲಿಲ್ಲ. ಅಂದರೆ ಸಾಕು, ಕಾಕಾ ತುತ್ತು ಕೈಯಲ್ಲೇ ಹಿಡಿದು "ಎಂಥಾ ಚಲೋ?" ಎಂದು ಕೇಳುತ್ತಿದ್ದ. ಮನುಷ್ಯ ಗುಡ್ ಆದರೆ ಕೈಂಡೋ, ಆನೆಸ್ಟೋ? ಊಟ ಗುಡ್ ಆದರೆ ಟೇಸ್ಟಿಯೋ, ಫ್ರೆಶ್ಶೋ? ಹೊಸ ಪದ ಹುಡುಕಿ ತಂದವರಿಗೆ ಅಂದಿನ ಹಾಲಿನ ಕೆನೆ. "ಒಂದು ಚಲೋ ಅನ್ನಾಕ ಇಷ್ಟು ಮಾತು ಬೇಕೇನಲೇ? ಆ ಮಂದಿಗೆ ಎಷ್ಟು ಪುರುಸೊತ್ತಪಾ!" ಎಂದು ಆಯಿ ನಗುತ್ತಿದ್ದಳು. ಆದರೆ ಅದೇ ಆಯಿ, ರೊಟ್ಟಿ ಮೆತ್ತಗ ಅದ, ಬೀಜ ಗಟ್ಟಿ ಅದಾವ, ಟಗರು ಸಾಧು ಅದ, ನೆಲ ಹದಕ್ಕ ಬಂದದ ಎನ್ನುವಳೇ ಹೊರತು, ಯಾವುದನ್ನೂ ಬರೀ ಚಲೋ ಅಂದವಳಲ್ಲ. ಇದನ್ನು ಗಮನಿಸಿದವಳು ನೀಲಕ್ಕ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕಾಕಾನ ಪದ, ಬಲಕ್ಕೆ ಆಯಿಯ ಪದ ಬರೆದು ನಡುವೆ ಗೆರೆ ಎಳೆಯುತ್ತಿದ್ದಳು. ಕೆನೆ ಹೆಚ್ಚು ಗೆದ್ದವಳು ಅವಳೇ. ಅರ್ಧವನ್ನು ನನ್ನ ಬಟ್ಟಲಿಗೆ ಸುರಿಯುತ್ತಿದ್ದವಳೂ ಅವಳೇ. ಅಂಥ ಸಂಜೆಗಳಿದ್ದ ಮನೆ ನಿಮಗೂ ಒಂದಿದ್ದೀತು. ಅದು ಮುಗಿಯುತ್ತಿದೆಯೆಂದು ಅದರೊಳಗಿದ್ದಾಗ ಯಾರಿಗೆ ಗೊತ್ತಾಗುತ್ತದೆ?

ನೀಲಕ್ಕ ಒಂಬತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಗಬ್ಬೂರಿನಿಂದ ಬೀಗತನದ ಮಾತು ಬಂತು. ಹೆಣ್ಣು ನೋಡಲು ಬಂದ ಹಿರಿಯರು ಮನೆಯ ಎಲ್ಲಕ್ಕಿಂತ ಸಣ್ಣ ಕೂಸನ್ನು ಕರೆದು ಹುಡುಗಿಯ ಗುಣ ಕೇಳುವುದು ನಮ್ಮ ಕಡೆಯ ಪದ್ಧತಿಯಾಗಿತ್ತು. ದೊಡ್ಡವರು ಮುಚ್ಚಿಟ್ಟದ್ದನ್ನು ಕೂಸು ಮುಚ್ಚಿಡಲಾರದು ಎಂಬ ನಂಬಿಕೆ. ನಮ್ಮ ಮನೆಯ ಸಣ್ಣ ಕೂಸು ನಾನು, ಎಂಟು ವರ್ಷದವಳು. ಅಂದು ಬೆಳಿಗ್ಗೆ ಅಕ್ಕ ನನ್ನನ್ನು ಬಣವೆಯ ಹಿಂದೆ ಕರೆದೊಯ್ದು ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಕೇಳ್ತಾರ. ಸಿಡುಕಾಕಿ ಅನ್ನು. ಮೈಗಳ್ಳಿ, ಮುಂಜಾನಿ ಏಳಂಗಿಲ್ಲ, ಆಯಿಗಿ ಎದುರು ಮಾತಾಡ್ತಾಳ ಅನ್ನು. ನಾ ಹತ್ತನೇ ಕ್ಲಾಸ್ ಮುಗಸ್ಬೇಕವಾ. ನಿನ್ನ ಕಾಲ್ ಬೀಳ್ತೀನಿ."

"ಅಂತೀನಿ," ಎಂದೆ. ಆಣೆಯನ್ನೂ ಇಟ್ಟೆ.

ಬಂದವರಲ್ಲಿ ತಲೆಗೆ ಕೆಂಪು ಪಟಗ ಸುತ್ತಿದ್ದ ಮುದುಕರೊಬ್ಬರು ಚಹಾದ ಬಟ್ಟಲನ್ನು ಕೆಳಗಿಟ್ಟು ನನ್ನನ್ನು ಹತ್ತಿರ ಎಳೆದುಕೊಂಡರು. "ಏನವಾ ಸಣ್ಣಾಕಿ, ನಿಮ್ಮಕ್ಕ ಹೆಂಗದಾಳ?" ಪಡಸಾಲೆಯೆಲ್ಲ ನನ್ನತ್ತ ತಿರುಗಿತು. ಕಲಿತಿದ್ದ ಬೈಗುಳಗಳೆಲ್ಲ ಮರೆತುಹೋಗಿ, "ಚಲೋ ಅದಾಳ್ರೀ," ಎಂದುಬಿಟ್ಟೆ. ಮುದುಕರು ನಕ್ಕರು. "ಎಂಥಾ ಚಲೋ ಬೇ?" ಎಂದರು, ನಿತ್ಯ ಸಂಜೆ ಕೇಳುವ ಕಾಕಾನ ಹಾಗೆಯೇ. ಆಮೇಲೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಕೈಂಡ್ ಅಂದರೆ ಕರುಣೆ ಇರುವವಳು, ಕೆನೆ ನನಗೇ ಕೊಡುತ್ತಾಳೆ. ಪೇಶಂಟ್ ಅಂದರೆ ತಾಳ್ಮೆಯವಳು. ಆನೆಸ್ಟ್, ಜೆಂಟಲ್, ಕ್ಲೆವರ್ ಎಂದು ಒಂದೊಂದನ್ನೂ ಅರ್ಥ ಸಹಿತ, ಬೆರಳು ಮಡಚುತ್ತ ಒಪ್ಪಿಸಿದೆ. ಗಬ್ಬೂರಿನವರು ಚಪ್ಪಾಳೆ ತಟ್ಟಿದರು. "ಹುಡುಗಿ ಬಿಡ್ರಿ, ಈ ಪುಟಾಣಿ ವಕೀಲ್ತೀನ ಕೊಟ್ಟುಬಿಡ್ರಿ!" ಎಂದು ಯಾರೋ ಚೇಷ್ಟೆ ಮಾಡಿದರು. ಕಾಕಾ ಮೂಲೆಯಿಂದ "ಭೇಷ್!" ಎಂದ; ಅಂದವನೇ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅಕ್ಕನ ಕಣ್ಣುಗಳು ಕಂಡವು. ಅವುಗಳಲ್ಲಿ ಸಿಟ್ಟಿದ್ದಿದ್ದರೆ ಇಷ್ಟು ವರ್ಷ ಹೊರುವುದು ಇಷ್ಟು ಭಾರವಾಗುತ್ತಿರಲಿಲ್ಲ.

ಆ ಬೇಸಗೆಯಲ್ಲೇ ಮದುವೆಯಾಯಿತು. ಕಾಕಾ ಮತ್ತೆ ನಮ್ಮನ್ನು ಕೂಡಿಸಿಕೊಳ್ಳಲಿಲ್ಲ; ಕೂಡಿಸಿಕೊಳ್ಳಲು ಉಳಿದವಳು ನಾನೊಬ್ಬಳೇ. ನಾನು ಓದಿದೆ. ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದೆ. ಎಳೆಯ ಹುಡುಗಿಯರ ಮದುವೆಗಳನ್ನು ಮಾತಿನಿಂದ ತಡೆಯುವೆನೆಂದು ಪಣ ತೊಟ್ಟು ಹಳ್ಳಿ ಹಳ್ಳಿ ಸುತ್ತಿದೆ. ಕೆಲವು ತಡೆದೆ, ಹಲವು ತಡೆಯಲಿಲ್ಲ. ಒಂದು ಮಾತು ಒಂದು ಬಾಳನ್ನು ಕೆಡಿಸಬಲ್ಲುದಾದರೆ ಇನ್ನೊಂದು ಮಾತು ಉಳಿಸಲೂಬಲ್ಲುದು: ಇದೊಂದೇ ನನ್ನ ಸಿದ್ಧಾಂತವಾಗಿತ್ತು. ಅಷ್ಟರಲ್ಲಿ ಮನೆ ಪಾಲಾಗಿ, ಕುರಿಗಳು ಮಾರಿಹೋಗಿ, ಹಟ್ಟಿಯ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ ಎದ್ದಿತು. ಆಯಿ ಹೋದಳು, ಕಾಕಾ ಹೋದ.

ಈಚೆಗೆ ಅಕ್ಕನೂ ತೀರಿಕೊಂಡಳು. ಅದಕ್ಕೆ ಮೊದಲಿನ ಸುಗ್ಗಿಯಲ್ಲಿ, ಗಬ್ಬೂರಿನ ತನ್ನ ಅಂಗಳದಲ್ಲಿ ಅವಳು ತೊಗರಿ ಕೇರುತ್ತಿದ್ದಾಗ, ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು ಮೊರ ನಿಲ್ಲಿಸಲಿಲ್ಲ.

"ಹುಚ್ಚಿ. ಅವತ್ತ ಅವ್ರು ಬರೋಮುಂದನ ಸೀರಿ ತಂದಿದ್ರು. ಅಪ್ಪ ಹದಿನೈದು ದಿನದ ಹಿಂದನ ಹೂಂ ಅಂದಿದ್ದ, ನನಗೂ ಆಮ್ಯಾಲ ತಿಳೀತು. ನೀ ಕಳ್ಳಿ ಅಂದಿದ್ರೂ ನಗತಿದ್ರು, ಕರಕೊಂಡು ಹೋಗತಿದ್ರು."

ಮೂವತ್ತು ವರ್ಷ ಹೊತ್ತ ತಪ್ಪನ್ನು ಅವಳು ಹೊಟ್ಟಿನಂತೆ ಹಾರಿಸಿಬಿಟ್ಟಳು. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ನನ್ನ ಮಾತಿಗೆ ಅಂದು ಕೆಡಿಸುವ ಶಕ್ತಿಯೂ ಇರಲಿಲ್ಲವೆಂದು ತಿಳಿದು ತೊಗರಿಯ ರಾಶಿಯ ಪಕ್ಕದಲ್ಲೇ ಕುಳಿತುಬಿಟ್ಟೆ. ಅವಳದನ್ನು ಕಂಡಿರಬೇಕು. ಮೊರ ಕೆಳಗಿಟ್ಟಳು.

"ಆದ್ರ ಒಂದು ಹೇಳ್ತೀನಿ ಕೇಳು. ಈ ಮನ್ಯಾಗ ಇಷ್ಟು ವರ್ಷ ಬಾಳೇವು ಮಾಡೀನಿ. ತವರಮನ್ಯಾಗೂ ಇದ್ದೆ, ಇಲ್ಲೂ ಇದ್ದೀನಿ. ನಾ ಎಂಥಾಕಿ ಅಂತ ಮಂದಿ ಮುಂದ ಬಾಯಿಬಿಟ್ಟು ಹೇಳಿದಾಕಿ ನೀ ಒಬ್ಬಾಕೀನ."

ನಾನು ಒಳಗಿನಿಂದ ಇನ್ನೊಂದು ಮೊರ ತಂದೆ. ಅವಳು ಮತ್ತೆ ಮೊರ ಎತ್ತಿಕೊಂಡಳು; ಕತ್ತಲಾಗುವತನಕ ಇಬ್ಬರೂ ತೊಗರಿ ಕೇರಿದೆವು.