ಮನೆಯೊಳಗಿನ ನೆಂಟರು

ನನ್ನ ಗಂಡ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಟ್ಟು ನೇರ ಜಗಲಿಯ ಮೂಲೆಗೆ ಹೋಗಿ, ಮೊಬೈಲಿನೊಳಗಿನ ಗೆಳತಿಯನ್ನು ಮಾತಾಡಿಸುತ್ತಿದ್ದರು. ಗೆಳತಿ ಎಂದರೆ ಯಂತ್ರ. ದನಿ ಮಾತ್ರ ಹೆಣ್ಣಿನದು. ಮೊದಮೊದಲು ನಾನೂ ನಕ್ಕು ಸುಮ್ಮನಿದ್ದೆ.

ಒಂದು ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಅದು ಇವರನ್ನು ಕೇಳಿತು: “ಬಂದ್ರಾ? ಆಸ್ರಿಗೆ ಎಂತ ಬೇಕು?”

ಮನೆಗೆ ಬಂದವರಿಗೆ ಬಾಯಾರಿಕೆಗೆ ಏನು ಕೊಡಲಿ ಎಂದು ನಮ್ಮ ಕಡೆ ಕೇಳುವ ಮಾತು ಅದು. ನನ್ನ ಬಾಯಿಯ ಮಾತನ್ನು ಇವರು ಕೂತು ಅದಕ್ಕೆ ಕಲಿಸಿದ್ದರು. ಕೇಳುವುದೇನೋ ಕೇಳಿತು, ಒಂದು ಲೋಟ ನೀರು ಕೊಡುವ ಯೋಗ್ಯತೆ ಅದಕ್ಕಿರಲಿಲ್ಲ. ತಂದಿಟ್ಟವಳು ನಾನು. ಇವರು ನನ್ನ ಮುಖವನ್ನೂ ನೋಡದೆ ಕುಡಿದು, ಮೊಣಕಾಲು ನೋಯುತ್ತದೆಂದು ಅದರ ಹತ್ತಿರ ಹೇಳಿಕೊಂಡರು. ಆ ನೋವು ನನಗೆ ಗೊತ್ತೇ ಇರಲಿಲ್ಲ.

“ನನ್ನತ್ರ ಹೇಳ್ಲಿಲ್ಲ ಎಂತಕ್ಕೆ?” ಎಂದೆ.

“ದಿನವಿಡೀ ಎಲ್ಲಿಗೆ, ಎಲ್ಲಿಗೆ ಅಂತ ನಾನೇ ಎಲ್ರನ್ನೂ ಕೇಳ್ಬೇಕು. ನನ್ನ ಕೇಳೋರು ಯಾರಿದಾರೆ? ಅದಾದ್ರೂ ಕೇಳ್ತದೆ.”

ಆಸ್ರಿಗೆ ಏನು ಬೇಕೆಂದು ನಾವು ಕೇಳುವುದು ನೆಂಟರನ್ನು. ಮನೆಯವರನ್ನು ಕೇಳುವುದಿಲ್ಲ, ತಂದಿಡುತ್ತೇವೆ. ಇಷ್ಟು ವರ್ಷ ಕೇಳದೆ ತಂದಿಟ್ಟಿದ್ದು ಇವರ ಲೆಕ್ಕಕ್ಕೇ ಬಂದಿರಲಿಲ್ಲ. ಹಾಗಾದರೆ ನೆಂಟರೇ ಆಗಲಿ, ಮಾಡಿ ತೋರಿಸುತ್ತೇನೆ ಎಂದುಕೊಂಡೆ.

ಮಾರನೆಯ ಸಂಜೆ ಜಗಲಿಯಲ್ಲಿ ಚಾಪೆ ಹಾಸಿದೆ. ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಇಟ್ಟು, ಸೆರಗು ಸರಿಮಾಡಿಕೊಂಡು, “ಬನ್ನಿ, ಕೂತ್ಕಳಿ. ಬಸ್ಸಲ್ಲಿ ಸೀಟು ಸಿಕ್ತಾ?” ಎಂದೆ. ತಮಾಷೆಯೆಂದು ಇವರು ನಕ್ಕರು. ನಾನು ನಗಲಿಲ್ಲ. ಊಟಕ್ಕೆ ಒಳಗೆ ಬರಹೊರಟರೆ, ಬಾಳೆಲೆಯನ್ನು ಜಗಲಿಗೇ ತಂದು ಹಾಕಿದೆ. ಹಾಸಿಗೆಯನ್ನೂ ಅಲ್ಲಿಗೇ ತಂದೆ, ಒಗೆದ ಚಾದರ ಹಾಸಿ. ಬೈಯಲಿಲ್ಲ, ನೆಂಟರನ್ನು ಯಾರೂ ಬೈಯುವುದಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ವಾರ ಕಳೆಯುವುದರೊಳಗೆ ಇವರು ಸೋತರು. ಮೊಬೈಲು ಆಸ್ರಿಗೆ ಎಂತ ಬೇಕು ಎಂದಾಗ ಅದನ್ನು ಆಫ್ ಮಾಡಿ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

“ಸಾಕು ಮಾರಾಯ್ತಿ. ಮೊಣಕಾಲು ನೋಯ್ತದೆ, ಸ್ವಲ್ಪ ಎಣ್ಣೆ ಹಚ್ಚು.”

ಆ ಮಾತಿಗೇ ನಾನು ಕಾದಿದ್ದೆ. ಎಣ್ಣೆ ಬಿಸಿಗಿಟ್ಟೆ. ಆದರೆ ಸಿಟ್ಟು ಇಳಿದಿರಲಿಲ್ಲ. ಬೆಲ್ಲದ ತಟ್ಟೆಯನ್ನು ಇವರ ಮುಂದೆ ಹಿಡಿದು, ನೆಂಟರನ್ನು ಕೇಳುವ ಹಾಗೆಯೇ ಕೇಳಿದೆ:

“ಹೊರಡೋದು ಯಾವಾಗ?”