ಅಕ್ಕನ ಪುಟದಲ್ಲಿ ತಪ್ಪಿದ ಸಪ್ತಮಿ

ಈ ಲೋಕದಲ್ಲಿ ತನ್ನಷ್ಟಕ್ಕೆ ತಾನು ನಿಂತ ವಸ್ತು ಒಂದೂ ಇಲ್ಲ. ಪ್ರತಿಯೊಂದೂ ಇನ್ನೊಂದರ ಆಸರೆಯಲ್ಲಿದೆ. ಇಷ್ಟು ದೊಡ್ಡ ಮಾತನ್ನು ನಾನು ವೇದಾಂತ ಓದಿ ಹೇಳುತ್ತಿಲ್ಲ. ಬೈಲಹೊಂಗಲದ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿನ ಕೈಲಿ ಬೈಸಿಕೊಂಡು ಹೇಳುತ್ತಿದ್ದೇನೆ.

ಸವದತ್ತಿಯಲ್ಲಿರುವ ನನ್ನ ಅಕ್ಕನಿಗೆ ಕಣ್ಣು ಮಂಜಾಗಿ, ಪಂಚಾಂಗದ ಸಣ್ಣ ಅಕ್ಷರ ಕಾಣದಂತಾದವು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು ಅವಳ ಮೊಬೈಲಿಗೆ ಒಂದು ಪುಟ ಮಾಡಿಕೊಟ್ಟೆ. ಬೆರಳಿಟ್ಟರೆ ತಿಥಿಯನ್ನು ಗಟ್ಟಿಯಾಗಿ ಓದುತ್ತಿತ್ತು. ನಮ್ಮ ತಂದೆ ಸಂಪಗಾಂವದಲ್ಲಿ ಕೈಲೆಕ್ಕದಿಂದ ಊರಿಗೆಲ್ಲ ತಿಥಿ ಹೇಳಿದವರು. ಆ ಗಾದಿಗೆ ಈಗ ತಮ್ಮ ಕೂತಿದ್ದಾನೆಂದು ಅಕ್ಕ ಓಣಿಯ ತುಂಬ ಹೇಳಿಕೊಂಡು ಬಂದಳು. ನಾನೂ ಅಲ್ಲಗಳೆಯಲಿಲ್ಲ.

ಭಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮೊದಲ ಶ್ರಾದ್ಧ ಸಪ್ತಮಿಗೆ. ಅದೂ ಮಧ್ಯಾಹ್ನದ ಹೊತ್ತಿಗೆ ಸಪ್ತಮಿ ಇರುವ ದಿನವೇ ಆಗಬೇಕು. ಅಷ್ಟರಲ್ಲಿ ಮಾಸ, ಪಕ್ಷಗಳನ್ನೂ ಚೆಂದ ಕನ್ನಡದಲ್ಲಿ ಹೇಳಿಸೋಣವೆಂದು ಪುಟಕ್ಕೆ ಒಂದು ಹೊಸ ಪ್ಯಾಕೇಜು ಸೇರಿಸಲು ಹೋದೆ. ಪ್ಯಾಕೇಜೆಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನ ಕಟ್ಟು. ಅದು ಇನ್ನೊಂದು ಕಟ್ಟು ಬೇಡುತ್ತದೆ, ಅದು ಮತ್ತೊಂದು. ಬೀಗರ ಬೀಗರು ಬಂದು ಪಡಸಾಲೆ ತುಂಬಿದ ಹಾಗೆ. ತಿಥಿ ಎಣಿಸುವ ನನ್ನ ಹಳೆಯ ಪ್ಯಾಕೇಜಿಗೆ, ಗಂಟೆ ದಿನಾಂಕ ನೋಡಿಕೊಳ್ಳುವ ಒಂದು ಕಟ್ಟಿನ ಎರಡನೆಯ ಆವೃತ್ತಿಯೇ ಬೇಕು. ಹೊಸದಕ್ಕೆ ಅದರ ಮೂರನೆಯ ಆವೃತ್ತಿಯೇ ಬೇಕು. ಎರಡೂ ತಮ್ಮ ಬುತ್ತಿ ತಾವು ತರುವವಲ್ಲ, ಮನೆಯಲ್ಲಿ ಬೆಂದದ್ದನ್ನೇ ಉಣ್ಣುವಂಥವು. ಮನೆಯಲ್ಲಿರುವುದೋ ಒಂದೇ ಒಲೆ.

ಈ ಅವಲಂಬನೆಯ ಮರ ಹೊಂದುವುದಿಲ್ಲ ಎಂದು ಕೆಂಪಕ್ಷರ ಬಂತು. ಬೇಕಾದರೆ ಒತ್ತಾಯ ಮಾಡಬಹುದು ಎಂದು ಕೆಳಗೆ ಬರೆದಿತ್ತು. ಹಾಗೆ ಮಾಡಿದರೆ ಕೆಡಬಹುದು ಎಂದೂ ಬರೆದಿತ್ತು. ನಾನು ಆ ಎರಡರಲ್ಲಿ ಮೊದಲಿನ ಸಾಲನ್ನಷ್ಟೇ ಓದಿ ಒತ್ತಾಯ ಮಾಡಿದೆ. ಪುಟ ಮಾತಾಡಿತು, ರೇಡಿಯೋ ವಾರ್ತೆಯ ಗತ್ತಿನಲ್ಲಿ.

ಭಾನುವಾರ ಅಕ್ಕನ ಫೋನು.

"ಏನೋ, ಎದುರ ಮನಿ ಸೊಸಿ ಪಂಚಾಂಗ ನೋಡಿ ಸಪ್ತಮಿ ಗುರುವಾರ ಅಂತಾಳ. ನಿನ್ನ ಪುಟ ಬುಧವಾರ ಅಂತದ. ಯಾವುದು ಖರೆ?"

"ಛಾಪಿಸಿದವರು ತಪ್ಪಿರ್ತಾರ ಅಕ್ಕಾ."

"ನಾನೂ ಅದನ್ನೇ ಅಂದೆ. ಭಟ್ಟರಿಗೆ ಬುಧವಾರ ಬರ್ರಿ ಅಂತ ಹೇಳೇನಿ. ರಾಮದುರ್ಗದಿಂದ ಮೈದುನ ರಜಾ ಹಾಕಿ ಬರತಾನ."

ಶ್ರಾದ್ಧ ಮಾಡಲು ಕೂಡಬೇಕಾದವರು ಭಾವನ ತಮ್ಮನಾದ ಆ ಮೈದುನರೇ. ಫೋನು ಇಟ್ಟ ಮೇಲೆ ಒತ್ತಾಯ ಮಾಡಿದ್ದು ನೆನಪಾಯಿತು. ತಪ್ಪು ದಿನ ಇಟ್ಟ ಪಿಂಡ ಗಂಡನಿಗೆ ಮುಟ್ಟುವುದಿಲ್ಲ ಎಂದು ನಂಬಿದವಳು ನನ್ನ ಅಕ್ಕ. ನಾನು ಏನು ನಂಬುತ್ತೇನೆ ಎಂಬುದನ್ನು ಯಾರೂ ಕೇಳಿಲ್ಲ. ಆದರೆ ಅವಳು ಪಂಚಾಂಗವನ್ನು ಬಿಟ್ಟು ನನ್ನನ್ನು ನಂಬಿದ್ದಳು.

ತಂದೆ ಕಲಿಸಿದ ಹಾಗೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಗುರುವಾರ ಬಂತು. ಮತ್ತೆ ಹಾಕಿದೆ. ಗುರುವಾರವೇ.

ಮರುದಿನ, ಯಾವ ಕಟ್ಟು ಯಾವುದರ ಆಸರೆಯಲ್ಲಿದೆ ಎಂದು ತೋರಿಸುವ ಆ ಇಡೀ ಮರವನ್ನು ಮುದ್ರಿಸಿಕೊಳ್ಳಲು ಝೆರಾಕ್ಸ್ ಅಂಗಡಿಗೆ ಹೋದೆ; ನನ್ನ ವಯಸ್ಸಿನವನಿಗೆ ತಪ್ಪು ಕಾಣುವುದು ಕಾಗದದ ಮೇಲೆ ಮಾತ್ರ. ಅಂಗಡಿಯವರು ಹಾಳೆ ಜೋಡಿಸುತ್ತ, "ಭಾಳ ದೊಡ್ಡ ವಂಶಾವಳಿ ಐತಲ್ರಿ ಸರ. ಆಸ್ತಿ ವಾಟಣಿ ದಾವೇಕ್ಕೇನ್ರಿ?" ಎಂದರು.

"ಹೂಂನ್ರಿ. ಎರಡು ಮನಿತನಕ್ಕ ಹೊಂದವಲ್ದು."

"ಹಂಗಾರ ಕಡೀಕ ಬಂದವ್ರನ್ನ ಮೊದಲ ಹೊರಗ ಹಾಕ್ರಿ."

ಕೆಂಪು ಪೆನ್ನು ಹಿಡಿದು ಕೂತೆ. ಮೂರನೆಯ ಹಾಳೆಯಲ್ಲಿ, ತಿಥಿಯ ಪ್ಯಾಕೇಜಿನ ಕೆಳಗೆ ಎರಡನೆಯ ಆವೃತ್ತಿ ಇರಬೇಕಾದ ಜಾಗದಲ್ಲಿ ಮೂರನೆಯದು ಕೂತಿತ್ತು. ಅದರಲ್ಲಿ ಏನೇನು ಬದಲಾಗಿದೆ ಎಂಬ ಪಟ್ಟಿ ಓದಿದೆ. ಊರು ಹೇಳದೆ ಗಂಟೆಯಷ್ಟೇ ಕೊಟ್ಟರೆ ಅದು ಗ್ರೀನಿಚ್ಚಿನ ಗಂಟೆ ಎಂದು ತಿಳಿಯುತ್ತದಂತೆ. ಅಲ್ಲಿ ಹನ್ನೆರಡಾದಾಗ ನಮ್ಮಲ್ಲಿ ಸಂಜೆ ಐದೂವರೆ. ಸವದತ್ತಿಯ ಮಧ್ಯಾಹ್ನದ ತಿಥಿ ಕೇಳಿದರೆ, ಐದೂವರೆ ತಾಸು ಮುಂದಿನ ತಿಥಿ ಹೇಳುತ್ತಿತ್ತು. ಬುಧವಾರ ಸಂಜೆ ಬರುವ ಸಪ್ತಮಿಯನ್ನು ಮಧ್ಯಾಹ್ನಕ್ಕೇ ಎಳೆದು ತಂದಿತ್ತು.

ಅಂಗಡಿಯವರ ತೀರ್ಪಿನಂತೆ ಹೊಸ ಪ್ಯಾಕೇಜನ್ನು ಹೊರಗೆ ಹಾಕಿದೆ. ಇಳಿಸಿಕೊಂಡದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಇಳಿಸಿದೆ. ಕೆಂಪಕ್ಷರ ಬರಲಿಲ್ಲ. ಪುಟ ತನ್ನ ಹಳೆಯ ಸಪ್ಪೆ ದನಿಯಲ್ಲಿ ಗುರುವಾರ ಎಂದಿತು.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ಮಂಗಳವಾರ ಮುಂಜಾನೆಯ ಬಸ್ಸಿಗೆ ಸವದತ್ತಿಗೆ ಹೋದೆ. ಅಕ್ಕ ಎಳ್ಳು ಆರಿಸುತ್ತಿದ್ದಳು, ಕಣ್ಣಿನಿಂದಲ್ಲ, ಬೆರಳಿನಿಂದ. ಎಲ್ಲ ಹೇಳಿದೆ.

"ತಪ್ಪು ಮಷೀನಿಂದೋ, ನಿಂದೋ?"

"ನಂದು. ಅದು ಬ್ಯಾಡ ಅಂದಿತ್ತು. ನಾ ಒತ್ತಾಯ ಮಾಡಿದೆ."

ಅವಳ ಬೆರಳು ನಿಂತಿತು. "ನಿಮ್ಮ ಭಾವನೂ ಹಂಗೇ ಇದ್ರು. ಡಾಕ್ಟರ್ ಬ್ಯಾಡ ಅಂದದ್ದನ್ನ ಹಟ ಹಿಡದು ಮಾಡವ್ರು." ಎಳ್ಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೊಬೈಲು ನನ್ನ ಕೈಗೆ ಕೊಟ್ಟಳು. "ಭಟ್ಟರಿಗೆ ಹಚ್ಚು. ಮೈದುನನಿಗೆ ನೀನೇ ಹೇಳು. ತಪ್ಪು ಯಾರದು ಅನ್ನೂದನ್ನೂ ಹೇಳು."

ಹೇಳಿದೆ. ಮೈದುನರು ರಜೆಯನ್ನು ಒಂದು ದಿನ ಮುಂದೆ ಹಾಕಿಸಿಕೊಂಡರು. ಶ್ರಾದ್ಧ ಗುರುವಾರ ಮಧ್ಯಾಹ್ನ ನಡೆಯಿತು.